ಗೆಲ್ಲುವ ತಂಡವೋ, ಜನ ನೋಡುವ ತಂಡವೋ: ಅಮೆರಿಕನ್ ಫುಟ್‌ಬಾಲ್‌ನಲ್ಲಿ ಪ್ರೈಮ್‌ಟೈಮ್ ಯಾರ ಪಾಲು?

2025ರ ನವೆಂಬರ್ 27, ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಅಂದು ಡಲ್ಲಾಸ್ ಕೌಬಾಯ್ಸ್ ಮತ್ತು ಕನ್ಸಾಸ್ ಸಿಟಿ ಚೀಫ್ಸ್ ನಡುವೆ ನಡೆದ ಪಂದ್ಯವನ್ನು ಸಿಬಿಎಸ್ ವಾಹಿನಿಯಲ್ಲಿ ಸರಾಸರಿ 5.72 ಕೋಟಿ ಜನ ನೋಡಿದರು. ನ್ಯಾಷನಲ್ ಫುಟ್‌ಬಾಲ್ ಲೀಗ್‌ನ (ಎನ್‌ಎಫ್‌ಎಲ್) ಲೀಗ್ ಹಂತದ ಯಾವ ಪಂದ್ಯಕ್ಕೂ ಅದುವರೆಗೆ ಅಷ್ಟು ವೀಕ್ಷಕರು ಸಿಕ್ಕಿರಲಿಲ್ಲ. ಹಾಗಾದರೆ ಅದು ಅಗ್ರಸ್ಥಾನದ ಎರಡು ತಂಡಗಳ ಕಾದಾಟವೇ? ಅಲ್ಲ. ಅಂದು ಮೈದಾನಕ್ಕಿಳಿಯುವಾಗ ಕೌಬಾಯ್ಸ್ ಐದು ಪಂದ್ಯ ಗೆದ್ದು, ಐದು ಸೋತು, ಒಂದನ್ನು ಟೈ ಮಾಡಿಕೊಂಡಿತ್ತು. ಚೀಫ್ಸ್ ಆರು ಗೆದ್ದು ಐದು ಸೋತಿತ್ತು. ಎರಡೂ ಪಟ್ಟಿಯ ನಡುವಿನ ತಂಡಗಳೇ. ಕೌಬಾಯ್ಸ್ 31-28ರಿಂದ ಗೆದ್ದಿತು.

ಈ ಒಂದು ಅಂಕಿಯನ್ನು ಹಿಡಿದುಕೊಂಡು ಅಮೆರಿಕದ ಫುಟ್‌ಬಾಲ್ ಅಭಿಮಾನಿಗಳ ಎರಡು ಬಣಗಳೂ ತಮ್ಮದೇ ಸರಿ ಎನ್ನುತ್ತಿವೆ. 'ಜನ ನೋಡುವುದು ಹೆಸರನ್ನು, ಅಂಕಪಟ್ಟಿಯನ್ನಲ್ಲ. ಆದ್ದರಿಂದ ಒಳ್ಳೆಯ ಸ್ಲಾಟ್ ಜನಪ್ರಿಯ ತಂಡಗಳಿಗೇ ಸಿಗಬೇಕು' ಎನ್ನುವುದು ಒಂದು ಬಣ. 'ಹಬ್ಬದ ಮಧ್ಯಾಹ್ನ ಮನೆಮಂದಿಯೆಲ್ಲ ಟಿವಿ ಮುಂದೆ ಕುಳಿತಿರುವಾಗ ಯಾವ ತಂಡವನ್ನು ಹಾಕಿದರೂ ಕೋಟಿಗಟ್ಟಲೆ ಜನ ನೋಡುತ್ತಾರೆ. ಪದೇ ಪದೇ ಅವರನ್ನೇ ತೋರಿಸಿ ಜನಪ್ರಿಯ ಎನ್ನುವುದರಲ್ಲಿ ಏನರ್ಥ?' ಎನ್ನುವುದು ಇನ್ನೊಂದು ಬಣ.

ಪ್ರತಿ ವರ್ಷ ಮೇ ತಿಂಗಳಲ್ಲಿ ಎನ್‌ಎಫ್‌ಎಲ್ ವೇಳಾಪಟ್ಟಿ ಹೊರಬಿದ್ದಾಗ ಈ ಜಗಳ ಮತ್ತೆ ಹೊತ್ತಿಕೊಳ್ಳುತ್ತದೆ. ಮೇಲ್ನೋಟಕ್ಕೆ ಇದು ಅಭಿಮಾನಿಗಳ ಹುಸಿಮುನಿಸು. ಆದರೆ ಒಳಗಿರುವ ಪ್ರಶ್ನೆ ಗಂಭೀರವಾದದ್ದು. ಟಿವಿ ಹಣದಿಂದಲೇ ನಡೆಯುವ ಆಟದಲ್ಲಿ ಟಿಕೆಟ್ ಕೊಂಡು ಮೈದಾನಕ್ಕೆ ಬರುವವರ ಬೆಲೆ ಎಷ್ಟು? ಚಿಕ್ಕ ಊರಿನ ತಂಡದ ಪಾಲೆಷ್ಟು? ಊರು ಬಿಟ್ಟು ದೂರದಲ್ಲಿ ನೆಲೆಸಿರುವ ಅಭಿಮಾನಿಗೆ ತನ್ನ ತಂಡ ಕಾಣುವುದು ಯಾವಾಗ?

272 ಪಂದ್ಯ, ಕೆಲವೇ ರಾತ್ರಿಗಳು

ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ ಈ ಆಟದ ಲೀಗ್‌ನಲ್ಲಿ 32 ತಂಡಗಳಿವೆ. 18 ವಾರಗಳಲ್ಲಿ ಪ್ರತಿ ತಂಡಕ್ಕೆ 17 ಪಂದ್ಯ, ಒಟ್ಟು 272. ಯಾರು ಯಾರ ವಿರುದ್ಧ ಆಡಬೇಕು ಎಂಬುದರಲ್ಲಿ ಲೀಗ್‌ಗೆ ಆಯ್ಕೆಯೇ ಇಲ್ಲ. ಅದು ವಿಭಾಗಗಳ ಸರದಿ ಮತ್ತು ಹಿಂದಿನ ವರ್ಷದ ಸ್ಥಾನದ ಸೂತ್ರದಂತೆ ತಾನಾಗಿಯೇ ನಿರ್ಧಾರವಾಗುತ್ತದೆ. ಲೀಗ್‌ನ ಕೈಯಲ್ಲಿರುವುದು ಮೂರು ಸಂಗತಿ: ಯಾವ ದಿನ, ಎಷ್ಟು ಗಂಟೆಗೆ, ಯಾವ ವಾಹಿನಿಯಲ್ಲಿ. ಜಗಳವೆಲ್ಲ ಈ ಮೂರರ ಮೇಲೆಯೇ.

ಬಹುತೇಕ ಪಂದ್ಯಗಳು ಭಾನುವಾರ ಮಧ್ಯಾಹ್ನ ಏಕಕಾಲಕ್ಕೆ ನಡೆಯುತ್ತವೆ. ಯಾವ ಪ್ರದೇಶದಲ್ಲಿ ಯಾವ ಪಂದ್ಯ ಕಾಣಬೇಕೆಂದು ಸಿಬಿಎಸ್ ಮತ್ತು ಫಾಕ್ಸ್ ವಾಹಿನಿಗಳು ಹಂಚಿಕೊಳ್ಳುತ್ತವೆ. ಇಡೀ ದೇಶಕ್ಕೆ ಒಂದೇ ಪಂದ್ಯ ಕಾಣುವ ರಾತ್ರಿಗಳು ವಾರಕ್ಕೆ ಮುಖ್ಯವಾಗಿ ಮೂರು. ಗುರುವಾರ ಅಮೆಜಾನ್ ಪ್ರೈಮ್ ವಿಡಿಯೊ, ಭಾನುವಾರ ಎನ್‌ಬಿಸಿ, ಸೋಮವಾರ ಇಎಸ್‌ಪಿಎನ್. ಇವೇ ಪ್ರೈಮ್‌ಟೈಮ್. ಭಾನುವಾರದ ಪಂದ್ಯ ಅಮೆರಿಕದ ಪೂರ್ವ ಕರಾವಳಿಯಲ್ಲಿ ರಾತ್ರಿ 8.20ಕ್ಕೆ ಶುರುವಾದರೆ ಬೆಂಗಳೂರು, ಮುಂಬೈ, ಹೈದರಾಬಾದ್‌ನಲ್ಲಿ ಅದು ಸೋಮವಾರ ಬೆಳಗ್ಗೆ 5.50. ನವೆಂಬರ್‌ನಲ್ಲಿ ಅಲ್ಲಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋದ ಮೇಲೆ ಇಲ್ಲಿ 6.50. ಅಮೆರಿಕದಲ್ಲಿ ಓದಿ ಮರಳಿದವರು, ಅಲ್ಲಿನ ಕಂಪನಿಗಳಿಗೆ ಇಲ್ಲಿಂದ ಕೆಲಸ ಮಾಡುವವರ ಪೈಕಿ ಕೆಲವರಿಗೆ ಇದು ಬೆಳಗಿನ ಕಾಫಿಯ ಜೊತೆಗಿನ ಆಟ.

ಈ ರಾತ್ರಿಗಳ ಬೆಲೆ ಎಷ್ಟೆಂದು ಹೇಳಲು ಒಂದು ಲೆಕ್ಕ ಸಾಕು. 2023ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಜನ ನೋಡಿದ 100 ಟಿವಿ ಪ್ರಸಾರಗಳಲ್ಲಿ 93 ಎನ್‌ಎಫ್‌ಎಲ್ ಪಂದ್ಯಗಳೇ ಆಗಿದ್ದವು. ಧಾರಾವಾಹಿ, ರಿಯಾಲಿಟಿ ಶೋ, ಪ್ರಶಸ್ತಿ ಸಮಾರಂಭಗಳೆಲ್ಲ ಒಟಿಟಿಗೆ ಚದುರಿಹೋದ ಮೇಲೆ ಇಡೀ ದೇಶವನ್ನು ಒಂದೇ ಹೊತ್ತಿಗೆ ಕೂರಿಸುವ ಶಕ್ತಿ ಉಳಿದಿರುವುದು ಇದೊಂದಕ್ಕೇ. ಹಾಗಾಗಿಯೇ 2021ರಲ್ಲಿ ಲೀಗ್ ಮಾಡಿಕೊಂಡ 11 ವರ್ಷಗಳ ಪ್ರಸಾರ ಒಪ್ಪಂದಗಳ ಮೊತ್ತ 100 ಬಿಲಿಯನ್ ಡಾಲರ್ ದಾಟಿತು.

ಸೋತರೂ ಕಳೆಗುಂದದ ಕೌಬಾಯ್ಸ್

ಜನಪ್ರಿಯತೆಯ ಪರ ವಾದಿಸುವವರ ದೊಡ್ಡ ಸಾಕ್ಷಿ ಡಲ್ಲಾಸ್ ಕೌಬಾಯ್ಸ್. ಈ ತಂಡ ಕೊನೆಯ ಬಾರಿ ಸೂಪರ್ ಬೌಲ್ ಗೆದ್ದದ್ದು 1996ರ ಜನವರಿಯಲ್ಲಿ. ಅಂದು ಹುಟ್ಟಿದ ಮಗು ಇಂದು ಮದುವೆಯ ವಯಸ್ಸು ದಾಟುತ್ತಿದೆ. ಆದರೂ ಫೋರ್ಬ್ಸ್ ಲೆಕ್ಕದಲ್ಲಿ ಜಗತ್ತಿನ ಅತ್ಯಂತ ಬೆಲೆಬಾಳುವ ಕ್ರೀಡಾ ತಂಡ ಇದೇ. 2024ರಲ್ಲಿ 10 ಬಿಲಿಯನ್ ಡಾಲರ್ ಗಡಿ ದಾಟಿದ ಮೊದಲ ತಂಡವೂ ಇದೇ. ಅದೇ ವರ್ಷ ಮೈದಾನದಲ್ಲಿ ಅದರ ಸಾಧನೆ ಏಳು ಗೆಲುವು, ಹತ್ತು ಸೋಲು. 5.72 ಕೋಟಿಗೆ ಮುಂಚಿನ ದಾಖಲೆಯೂ ಕೌಬಾಯ್ಸ್ ಪಂದ್ಯದ್ದೇ ಆಗಿತ್ತು. 2022ರ ಥ್ಯಾಂಕ್ಸ್‌ಗಿವಿಂಗ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸ್ ವಿರುದ್ಧದ ಆ ಪಂದ್ಯವನ್ನು 4.2 ಕೋಟಿ ಜನ ನೋಡಿದ್ದರು.

ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾಯಲ್ ಚಾಲೆಂಜರ್ಸ್ ಬೆಂಗಳೂರು ಮೊದಲ ಐಪಿಎಲ್ ಟ್ರೋಫಿ ಎತ್ತಿದ್ದು 18ನೇ ಆವೃತ್ತಿಯಲ್ಲಿ, 2025ರ ಜೂನ್ 3ರಂದು. ಅಲ್ಲಿಯವರೆಗಿನ 17 ಸೀಸನ್‌ಗಳಲ್ಲಿ 'ಈ ಸಲ ಕಪ್ ನಮ್ದೇ' ಎಂಬ ಮಾತು ಎದುರಾಳಿಗಳ ಬಾಯಲ್ಲಿ ಗೇಲಿಯಾಯಿತೇ ಹೊರತು ಅಭಿಮಾನಿಗಳ ಬಾಯಲ್ಲಿ ನಿಲ್ಲಲಿಲ್ಲ. ಗೆಲುವಿಗೂ ಜನಪ್ರಿಯತೆಗೂ ನೇರ ನಂಟಿಲ್ಲ ಎನ್ನಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಆದರೆ ಕೌಬಾಯ್ಸ್ ಜನಪ್ರಿಯತೆ ಆಕಾಶದಿಂದ ಉದುರಿದ್ದಲ್ಲ. 1966ರಿಂದ ಪ್ರತಿ ಥ್ಯಾಂಕ್ಸ್‌ಗಿವಿಂಗ್ ದಿನ ಡಲ್ಲಾಸ್‌ನಲ್ಲಿ ಪಂದ್ಯ ನಡೆಸುವ ರೂಢಿ ಬೆಳೆಯಿತು. ನಡುವೆ ಒಂದೆರಡು ವರ್ಷ ಬಿಟ್ಟರೆ ಹಬ್ಬದ ಊಟದ ಜೊತೆ ಕೌಬಾಯ್ಸ್ ಆಟವೂ ಮನೆಮನೆಯ ಪದ್ಧತಿಯಾಯಿತು. 1970ರ ದಶಕದಲ್ಲಿ ತಂಡ ಚೆನ್ನಾಗಿಯೂ ಆಡಿತು. 1978ರ ಸೀಸನ್‌ನ ಮುಖ್ಯಾಂಶಗಳ ಚಿತ್ರಕ್ಕೆ 'ಅಮೆರಿಕಾಸ್ ಟೀಮ್' ಎಂದು ಹೆಸರಿಡಲಾಯಿತು, ಆ ಬಿರುದು ಹಾಗೆಯೇ ಅಂಟಿಕೊಂಡಿತು. ಅಂದರೆ ಮೊದಲು ಟಿವಿ ಸಮಯ ಸಿಕ್ಕಿತು, ಜೊತೆಗೆ ಗೆಲುವೂ ಬಂತು, ಆಮೇಲೆ ಜನಪ್ರಿಯತೆ ಬೇರುಬಿಟ್ಟಿತು. ಇಂದು ಗೆಲುವಿಲ್ಲದಿದ್ದರೂ ಬೇರು ಒಣಗಿಲ್ಲ, ಏಕೆಂದರೆ ಟಿವಿ ನೀರೆರೆಯುತ್ತಲೇ ಇದೆ.

ಹಾಗೆಂದು ದೊಡ್ಡ ನಗರದ ತಂಡಗಳಿಗೆ ಮಾತ್ರ ಈ ಭಾಗ್ಯ ಎನ್ನುವಂತೆಯೂ ಇಲ್ಲ. ಕನ್ಸಾಸ್ ಸಿಟಿ ಅಮೆರಿಕದ ದೊಡ್ಡ ಟಿವಿ ಮಾರುಕಟ್ಟೆಗಳಲ್ಲಿ ಒಂದಲ್ಲ. ಪ್ಯಾಟ್ರಿಕ್ ಮಹೋಮ್ಸ್ ಎಂಬ ಕ್ವಾರ್ಟರ್‌ಬ್ಯಾಕ್, ಸಾಲುಸಾಲು ಸೂಪರ್ ಬೌಲ್ ಪಂದ್ಯಗಳು, 2023ರ ನಂತರ ಗ್ಯಾಲರಿಯಲ್ಲಿ ಕಾಣಿಸಿಕೊಂಡ ಟೇಲರ್ ಸ್ವಿಫ್ಟ್ ಇವೆಲ್ಲ ಸೇರಿ ಆ ತಂಡವನ್ನು ರಾತ್ರಿಯ ಪ್ರಸಾರದ ಕಾಯಂ ಅತಿಥಿಯನ್ನಾಗಿ ಮಾಡಿದವು.

ಅಂಕಿಗಳು ಹೇಳದಿರುವ ಮಾತು

'ನೋಡಿ, ಇವರ ಪಂದ್ಯಕ್ಕೆ ಎರಡೂವರೆ ಕೋಟಿ ಜನ, ಅವರ ಪಂದ್ಯಕ್ಕೆ ಅದರ ಅರ್ಧವೂ ಇಲ್ಲ' ಎಂಬ ವಾದದಲ್ಲಿ ಒಂದು ದೊಡ್ಡ ತೂತಿದೆ. ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಎಂಟೊಂಬತ್ತು ಪಂದ್ಯಗಳು ಒಟ್ಟಿಗೆ ನಡೆಯುತ್ತವೆ. ವೀಕ್ಷಕರೂ ಎಂಟೊಂಬತ್ತು ಪಾಲಾಗುತ್ತಾರೆ, ಅದೂ ತಮ್ಮ ಪ್ರದೇಶದ ವಾಹಿನಿ ಏನು ತೋರಿಸುತ್ತದೋ ಅದನ್ನೇ ನೋಡಬೇಕು. ರಾತ್ರಿ ಎಂಟಕ್ಕೆ ಇಡೀ ದೇಶಕ್ಕೆ ಇರುವುದು ಒಂದೇ ಪಂದ್ಯ. ಒಂದೇ ಹೋಟೆಲ್ ಇರುವ ಊರಿನಲ್ಲಿ ಆ ಹೋಟೆಲ್ ತುಂಬಿರುವುದು ಅಡುಗೆಯ ರುಚಿಗೆ ಪುರಾವೆಯಲ್ಲ. ಜಾಕ್ಸನ್‌ವಿಲ್ ತಂಡದ ಮಧ್ಯಾಹ್ನದ ವೀಕ್ಷಕರನ್ನು ಡಲ್ಲಾಸ್ ತಂಡದ ರಾತ್ರಿಯ ವೀಕ್ಷಕರ ಪಕ್ಕದಲ್ಲಿಟ್ಟು ತೂಗುವುದು ಸರಿಯಾದ ತಕ್ಕಡಿಯಲ್ಲ.

ಇನ್ನೊಂದು ಸೂಕ್ಷ್ಮವಿದೆ. ಅತಿ ಹೆಚ್ಚು ಜನ ನೋಡುವ ಸಾಪ್ತಾಹಿಕ ಸ್ಲಾಟ್ ರಾತ್ರಿಯದ್ದೇ ಅಲ್ಲ. ಭಾನುವಾರ ಸಂಜೆ 4.25ಕ್ಕೆ ಫಾಕ್ಸ್ ಅಥವಾ ಸಿಬಿಎಸ್‌ನಲ್ಲಿ ದೇಶದ ಬಹುಭಾಗಕ್ಕೆ ಕಾಣುವ ಪಂದ್ಯಕ್ಕೆ ಸಾಮಾನ್ಯವಾಗಿ ರಾತ್ರಿಗಿಂತ ಹೆಚ್ಚು ಜನ ಸಿಗುತ್ತಾರೆ. ಆದ್ದರಿಂದಲೇ ಕೌಬಾಯ್ಸ್ ಹೆಚ್ಚಾಗಿ ಆ ಹೊತ್ತಿನಲ್ಲೇ ಕಾಣುತ್ತದೆ. ರಾತ್ರಿಯ ಪಂದ್ಯಗಳ ಸಂಖ್ಯೆಯನ್ನಷ್ಟೇ ಎಣಿಸಿ 'ನಮ್ಮ ತಂಡಕ್ಕೆ ಐದು, ನಿಮ್ಮದಕ್ಕೆ ಎರಡು' ಎಂದು ಹೋಲಿಸುವ ಅಭಿಮಾನಿಗಳು ಈ ಸಂಜೆಯ ಲೆಕ್ಕವನ್ನು ಮರೆಯುತ್ತಾರೆ.

ದಾಖಲೆಗಳನ್ನು ಹೋಲಿಸುವಾಗಲೂ ಎಚ್ಚರ ಬೇಕು. ವೀಕ್ಷಕರನ್ನು ಎಣಿಸುವ ನೀಲ್ಸನ್ ಸಂಸ್ಥೆ 2025ರಲ್ಲಿ ತನ್ನ ವಿಧಾನ ಬದಲಿಸಿತು. ಬಾರ್, ರೆಸ್ಟೊರೆಂಟ್, ನೆಂಟರ ಮನೆಯಲ್ಲಿ ನೋಡುವವರ ಎಣಿಕೆ ಇಡೀ ದೇಶಕ್ಕೆ ವಿಸ್ತರಣೆಯಾಯಿತು. ಸೆಟ್‌ಟಾಪ್ ಬಾಕ್ಸ್ ಮತ್ತು ಸ್ಮಾರ್ಟ್ ಟಿವಿಗಳ ದತ್ತಾಂಶವೂ ಸೇರಿತು. 2022ರ 4.2 ಕೋಟಿಯಿಂದ 2025ರ 5.72 ಕೋಟಿಗೆ ಆದ ಜಿಗಿತದಲ್ಲಿ ಒಂದು ಪಾಲು ಹೊಸ ವೀಕ್ಷಕರದ್ದಾದರೆ, ಇನ್ನೊಂದು ಪಾಲು ಮೊದಲೂ ನೋಡುತ್ತಿದ್ದು ಈಗಷ್ಟೇ ಲೆಕ್ಕಕ್ಕೆ ಸಿಕ್ಕವರದ್ದು.

ಊಹೆ ಕೈಕೊಟ್ಟಾಗ

ಹೆಸರು ನೋಡಿ ಸ್ಲಾಟ್ ಕೊಡುವುದರಲ್ಲಿ ಅಪಾಯವೂ ಇದೆ. ವೇಳಾಪಟ್ಟಿ ಬರುವುದು ಮೇನಲ್ಲಿ, ಆಟ ಶುರುವಾಗುವುದು ಸೆಪ್ಟೆಂಬರ್‌ನಲ್ಲಿ. ನ್ಯೂಯಾರ್ಕ್ ಜೆಟ್ಸ್ ಕಥೆ ಇದಕ್ಕೆ ಪಾಠ. ಹಿರಿಯ ಕ್ವಾರ್ಟರ್‌ಬ್ಯಾಕ್ ಆ್ಯರನ್ ರಾಜರ್ಸ್ 2023ರಲ್ಲಿ ತಂಡ ಸೇರಿದಾಗ ವಾಹಿನಿಗಳು ಮುಗಿಬಿದ್ದವು. 2023ರ ಸೆಪ್ಟೆಂಬರ್ 11ರ ಸೋಮವಾರ ರಾತ್ರಿ, ಜೆಟ್ಸ್ ಪರ ಮೊದಲ ಪಂದ್ಯದ ನಾಲ್ಕನೇ ಆಟದಲ್ಲೇ ಅವರ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ಇಡೀ ಸೀಸನ್ ಅವರಿಲ್ಲದೆಯೇ ಮುಗಿಯಿತು.

ಆದರೂ 2024ರಲ್ಲಿ ಮತ್ತದೇ ಬಾಜಿ. ಮೊದಲ 11 ವಾರಗಳಲ್ಲೇ ಜೆಟ್ಸ್‌ಗೆ ಆರು ರಾತ್ರಿ ಪಂದ್ಯಗಳನ್ನು ಕೊಡಲಾಯಿತು. ಐದು ಪಂದ್ಯ ಮುಗಿಯುತ್ತಿದ್ದಂತೆ ಕೋಚ್ ರಾಬರ್ಟ್ ಸಾಲೆಹ್ ಕೆಲಸ ಕಳೆದುಕೊಂಡರು. 11ನೇ ವಾರದ ಭಾನುವಾರ ರಾತ್ರಿಗೆ ನಿಗದಿಯಾಗಿದ್ದ ಜೆಟ್ಸ್ ಪಂದ್ಯವನ್ನು ಲೀಗ್ ಮಧ್ಯಾಹ್ನಕ್ಕೆ ಎತ್ತಿಹಾಕಿ, ಸಿನ್ಸಿನಾಟಿ ಮತ್ತು ಲಾಸ್ ಏಂಜಲೀಸ್ ಚಾರ್ಜರ್ಸ್ ಪಂದ್ಯವನ್ನು ಆ ಜಾಗಕ್ಕೆ ತಂದಿತು. ಸೀಸನ್ ಕೊನೆಗೆ ಜೆಟ್ಸ್ ಸಂಪಾದನೆ ಐದು ಗೆಲುವು, 12 ಸೋಲು.

ಇದಕ್ಕೆ ತದ್ವಿರುದ್ಧ ಕಥೆ ಡೆಟ್ರಾಯಿಟ್ ಲಯನ್ಸ್‌ದು. 2022ರ ವೇಳಾಪಟ್ಟಿಯಲ್ಲಿ ಅವರಿಗೆ ಎಂದಿನ ಹಬ್ಬದ ಮಧ್ಯಾಹ್ನದ ಪಂದ್ಯವಿತ್ತೇ ಹೊರತು ರಾತ್ರಿಯ ಒಂದು ಪಂದ್ಯವೂ ಇರಲಿಲ್ಲ. ವರ್ಷಾನುಗಟ್ಟಲೆ ಸೋತ ತಂಡವನ್ನು ದೇಶಕ್ಕೆಲ್ಲ ಯಾರು ತೋರಿಸುತ್ತಾರೆ ಎಂಬ ಭಾವ. ಮೊದಲ ಏಳು ಪಂದ್ಯಗಳಲ್ಲಿ ಆರು ಸೋತಾಗ ಆ ನಿರ್ಧಾರ ಸರಿಯೆಂದೇ ಅನಿಸಿತ್ತು. ಆಮೇಲೆ ತಂಡ ಎದ್ದು ನಿಂತಿತು. ಕೊನೆಯ ವಾರದ ಗ್ರೀನ್ ಬೇ ವಿರುದ್ಧದ ಪಂದ್ಯವನ್ನು ರಾತ್ರಿಗೆ ತರಲಾಯಿತು. ಅದು ಶುರುವಾಗುವ ಮೊದಲೇ ಬೇರೊಂದು ಪಂದ್ಯದ ಫಲಿತಾಂಶದಿಂದ ಲಯನ್ಸ್‌ನ ಪ್ಲೇಆಫ್ ಆಸೆ ಕಮರಿತ್ತು. ಆದರೂ 2023ರ ಜನವರಿ 8ರ ಆ ರಾತ್ರಿ ಅವರು 20-16ರಿಂದ ಗೆದ್ದು, ಗ್ರೀನ್ ಬೇ ತಂಡವನ್ನೂ ಮನೆಗೆ ಕಳುಹಿಸಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸೀಸನ್‌ನ ಉದ್ಘಾಟನಾ ಪಂದ್ಯಕ್ಕೆ ಲೀಗ್ ಕರೆದದ್ದು ಇದೇ ಲಯನ್ಸ್ ತಂಡವನ್ನು. ಅಂದು ಹಾಲಿ ಚಾಂಪಿಯನ್ ಚೀಫ್ಸ್ ತಂಡವನ್ನು ಅದರ ಮನೆಯಂಗಳದಲ್ಲೇ 21-20ರಿಂದ ಸೋಲಿಸಿದರು. 2024ರ ಜನವರಿಯಲ್ಲಿ 32 ವರ್ಷಗಳ ನಂತರದ ಮೊದಲ ಪ್ಲೇಆಫ್ ಗೆಲುವು ಬಂತು.

ಒಂದೇ ಒಂದು ರಾತ್ರಿ ಲಯನ್ಸ್ ತಂಡವನ್ನು ಜನಪ್ರಿಯಗೊಳಿಸಿತು ಎಂದರೆ ಉತ್ಪ್ರೇಕ್ಷೆ. ಆದರೆ ಡೆಟ್ರಾಯಿಟ್‌ನ ಹೊರಗಿನ ಲಕ್ಷಾಂತರ ಜನ ಈ ತಂಡದ ಆಟವನ್ನು ಗಮನವಿಟ್ಟು ನೋಡಿದ್ದು ಆ ರಾತ್ರಿ. ಚೆನ್ನಾಗಿ ಆಡುವುದು ತಂಡದ ಕೆಲಸ. ಆಡಿದ್ದನ್ನು ಜನರಿಗೆ ಮುಟ್ಟಿಸುವುದು ವೇಳಾಪಟ್ಟಿಯ ಕೆಲಸ.

ತಿದ್ದುಪಡಿಗೊಂದು ದಾರಿ, ಅದರ ಬಿಸಿ ಯಾರಿಗೆ?

ಸಪ್ಪೆ ಪಂದ್ಯವನ್ನು ರಾತ್ರಿಯಿಂದ ತೆಗೆದು ರೋಚಕ ಪಂದ್ಯವನ್ನು ತರುವ ಈ ಪದ್ಧತಿಗೆ 'ಫ್ಲೆಕ್ಸ್' ಎಂದು ಹೆಸರು. 2006ರಲ್ಲಿ ಭಾನುವಾರದ ಪಂದ್ಯ ಎನ್‌ಬಿಸಿಗೆ ಬಂದಾಗ ಇದು ಶುರುವಾಯಿತು. 2023ರಲ್ಲಿ ಸೋಮವಾರಕ್ಕೂ ಬಂತು. ಆ ವರ್ಷ ಡಿಸೆಂಬರ್‌ನಲ್ಲಿ ಸೋಲಿನ ಸುಳಿಯಲ್ಲಿದ್ದ ನ್ಯೂ ಇಂಗ್ಲೆಂಡ್ ತಂಡದ ಪಂದ್ಯವನ್ನು ಸೋಮವಾರದಿಂದ ಭಾನುವಾರಕ್ಕೆ ತಳ್ಳಿ, ಫಿಲಡೆಲ್ಫಿಯಾ ಮತ್ತು ಸಿಯಾಟಲ್ ಪಂದ್ಯವನ್ನು ಸೋಮವಾರಕ್ಕೆ ತರಲಾಯಿತು. ಟಿವಿ ಮುಂದೆ ಕೂತವರಿಗೆ ಹಬ್ಬ. ಆದರೆ ಭಾನುವಾರದ ಆಟ ನೋಡಲು ದೇಶದ ಈ ತುದಿಯಿಂದ ಆ ತುದಿಗೆ ವಿಮಾನ ಟಿಕೆಟ್ ಮಾಡಿಸಿದ್ದವರ ಪಾಡು? ಸೋಮವಾರ ರಜೆ ಸಿಗದವರ ಪಾಡು?

ಗುರುವಾರದ ಪಂದ್ಯಕ್ಕೂ ಫ್ಲೆಕ್ಸ್ ತರುವ ಪ್ರಸ್ತಾಪ ಬಂದಾಗ ಮಾಲೀಕರಲ್ಲೇ ಒಡಕು ಮೂಡಿತು. ಭಾನುವಾರದ ಪಂದ್ಯವನ್ನು ಗುರುವಾರಕ್ಕೆ ತಂದರೆ ಪೂರ್ತಿ ಮೂರು ದಿನ ಹಿಂದಕ್ಕೆ ಬರುತ್ತದೆ. ಆಟಗಾರರಿಗೆ ಮೈನೋವು ಆರಲು ಸಮಯ ಕಡಿಮೆ, ಅಭಿಮಾನಿಗಳಿಗೆ ಹೋಟೆಲ್ ಬುಕಿಂಗ್, ಪ್ರಯಾಣ ಎಲ್ಲವೂ ತಲೆಕೆಳಗು. ಪಂದ್ಯಕ್ಕೆ ಬರುವವರನ್ನೂ ಸ್ವಲ್ಪ ಗಮನಿಸಿ ಎಂದು ಬಹಿರಂಗವಾಗಿಯೇ ವಿರೋಧಿಸಿದವರು ನ್ಯೂಯಾರ್ಕ್ ಜೈಂಟ್ಸ್‌ನ ಜಾನ್ ಮಾರಾ. ಕೊನೆಗೆ 2023ರ ಮೇನಲ್ಲಿ, ಕನಿಷ್ಠ 28 ದಿನ ಮುಂಚೆ ತಿಳಿಸಬೇಕು ಎಂಬ ಷರತ್ತಿನೊಂದಿಗೆ ಪ್ರಸ್ತಾಪ ಪಾಸಾಯಿತು. ಮೊದಲ ಬಾರಿ ಅದು ಬಳಕೆಯಾದದ್ದು 2024ರ ಡಿಸೆಂಬರ್ 19ರಂದು, ಡೆನ್ವರ್ ಮತ್ತು ಚಾರ್ಜರ್ಸ್ ಪಂದ್ಯಕ್ಕೆ.

ಟಿವಿಯ ಗಡಿಯಾರಕ್ಕೆ ಮೈದಾನದಲ್ಲಿದ್ದವರು ತೆತ್ತ ಬೆಲೆಗೆ ಇನ್ನೂ ಕಠೋರ ಉದಾಹರಣೆಯಿದೆ. 2024ರ ಜನವರಿ 13ರ ಶನಿವಾರ ರಾತ್ರಿ ಕನ್ಸಾಸ್ ಸಿಟಿಯಲ್ಲಿ ಚೀಫ್ಸ್ ಮತ್ತು ಮಯಾಮಿ ನಡುವೆ ಪ್ಲೇಆಫ್ ಪಂದ್ಯ. ಅದು ಪೀಕಾಕ್ ಎಂಬ ಚಂದಾ ಆಧಾರಿತ ಒಟಿಟಿಗೆ ಮೀಸಲು. ಶುರುವಾಗುವ ಹೊತ್ತಿಗೆ ತಾಪಮಾನ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು, ಗಾಳಿ ಬೀಸಿದಾಗ ಅದು ಇನ್ನೂ ಕಟುವಾಗಿತ್ತು. ಆ ದಿನಗಳ ಚಳಿಗೆ ಚರ್ಮ ಹೆಪ್ಪುಗಟ್ಟಿ ಚಿಕಿತ್ಸೆಗೆ ಬಂದವರ ಪೈಕಿ ಕೆಲವರ ಬೆರಳುಗಳನ್ನು ಕತ್ತರಿಸಬೇಕಾಯಿತು, ಅವರಲ್ಲಿ ಪಂದ್ಯಕ್ಕೆ ಹೋಗಿದ್ದವರೂ ಇದ್ದರು ಎಂದು ಅಲ್ಲಿನ ಆಸ್ಪತ್ರೆ ಎರಡು ತಿಂಗಳ ನಂತರ ತಿಳಿಸಿತು. ಮಧ್ಯಾಹ್ನ ಆಡಿಸಿದ್ದರೂ ಚಳಿ ಇದ್ದೇ ಇರುತ್ತಿತ್ತು, ನಿಜ. ಆದರೆ ಸೂರ್ಯ ಮುಳುಗಿದ ಮೇಲೆ ಆಡಿಸುವ ನಿರ್ಧಾರದಲ್ಲಿ ಗ್ಯಾಲರಿಯಲ್ಲಿ ಕೂರುವವರ ಅನುಕೂಲ ಯಾವ ಸ್ಥಾನದಲ್ಲಿತ್ತು ಎಂಬ ಪ್ರಶ್ನೆ ಉಳಿಯುತ್ತದೆ. ಆ ಪಂದ್ಯವನ್ನು ಮನೆಯಲ್ಲಿ ಕೂತು ನೋಡಿದವರು ಸುಮಾರು 2.3 ಕೋಟಿ.

ಐಪಿಎಲ್‌ನಲ್ಲಿ ಇದೇ ಸಮಸ್ಯೆಯ ಮಗ್ಗುಲು ಬೇರೆ. ಇಲ್ಲಿ ಎಲ್ಲರಿಗೂ ಬೇಕಿರುವುದು ಸಂಜೆ 7.30ರ ಪಂದ್ಯ. ಏಪ್ರಿಲ್-ಮೇ ಬಿಸಿಲಿನಲ್ಲಿ 3.30ರ ಪಂದ್ಯವೆಂದರೆ ಆಟಗಾರರಿಗೂ ಪ್ರೇಕ್ಷಕರಿಗೂ ಬೇಗೆ. ಅದೇ ರಾತ್ರಿ ಪಂದ್ಯ ಹನ್ನೊಂದೂವರೆಗೆ ಮುಗಿದರೆ ಮನೆಗೆ ಹೋಗುವ ಚಿಂತೆ. ಬೆಂಗಳೂರಿನಲ್ಲಿ ಪಂದ್ಯದ ದಿನ ನಮ್ಮ ಮೆಟ್ರೊ ಸಮಯ ವಿಸ್ತರಿಸುವುದು ಈ ಕಾರಣಕ್ಕೇ. ವೇಳಾಪಟ್ಟಿ ಟಿವಿಗಾಗಿ ತಯಾರಾದಾಗ ಉಳಿದ ವ್ಯವಸ್ಥೆಗಳೆಲ್ಲ ಅದರ ಹಿಂದೆ ಓಡಬೇಕಾಗುತ್ತದೆ.

ಹಣ ಸಮಪಾಲು, ಬೆಳಕು ಅಲ್ಲ

ಇಷ್ಟೆಲ್ಲ ಅಸಮಾನತೆಯ ನಡುವೆಯೂ ಚಿಕ್ಕ ಊರಿನ ತಂಡಗಳು ಬದುಕಿ ಉಳಿದಿರುವುದು ಹೇಗೆ? ಉತ್ತರ 1961ರಲ್ಲಿದೆ. ಅಲ್ಲಿಯವರೆಗೆ ಪ್ರತಿ ತಂಡ ತನ್ನ ಪ್ರಸಾರ ಹಕ್ಕನ್ನು ತಾನೇ ಮಾರಿಕೊಳ್ಳುತ್ತಿತ್ತು. ನ್ಯೂಯಾರ್ಕ್ ತಂಡಕ್ಕೆ ಸಿಗುವ ಬೆಲೆ ಗ್ರೀನ್ ಬೇ ತಂಡಕ್ಕೆ ಕನಸು. ಅಂದಿನ ಕಮಿಷನರ್ ಪೀಟ್ ರೊಝೆಲ್, ಎಲ್ಲರ ಹಕ್ಕನ್ನೂ ಒಟ್ಟಿಗೆ ಮಾರಿ ಹಣವನ್ನು ಸಮನಾಗಿ ಹಂಚೋಣ ಎಂದರು. ದೊಡ್ಡ ನಗರದ ಮಾಲೀಕರು ಒಪ್ಪದಿದ್ದರೆ ಇದು ನಡೆಯುವಂತಿರಲಿಲ್ಲ. ಒಪ್ಪಿದವರಲ್ಲಿ ಮುಖ್ಯರಾದವರು ನ್ಯೂಯಾರ್ಕ್ ಜೈಂಟ್ಸ್‌ನ ಮಾರಾ ಕುಟುಂಬದವರು. ಆ ಪೈಕಿ ವೆಲ್ಲಿಂಗ್ಟನ್ ಮಾರಾ ಅವರ ಮಗನೇ ಆರು ದಶಕಗಳ ನಂತರ ಗುರುವಾರದ ಫ್ಲೆಕ್ಸ್ ವಿರೋಧಿಸಿದ ಜಾನ್ ಮಾರಾ. ಒಟ್ಟಿಗೆ ಮಾರಾಟ ಮಾಡುವುದಕ್ಕೆ ನ್ಯಾಯಾಲಯ ಅಡ್ಡಿ ಹೇಳಿದಾಗ ಅಮೆರಿಕದ ಸಂಸತ್ತು ಕಾನೂನನ್ನೇ ಮಾಡಿತು. ಅಧ್ಯಕ್ಷ ಜಾನ್ ಎಫ್. ಕೆನಡಿ 1961ರ ಸೆಪ್ಟೆಂಬರ್ 30ರಂದು ಅದಕ್ಕೆ ಸಹಿ ಹಾಕಿದರು.

ಅದರ ಫಲ ಇಂದಿಗೂ ಲೆಕ್ಕದ ಪುಸ್ತಕದಲ್ಲಿ ಕಾಣುತ್ತದೆ. ಗ್ರೀನ್ ಬೇ ಸುಮಾರು ಒಂದು ಲಕ್ಷ ಜನಸಂಖ್ಯೆಯ ಊರು, ಅಂದರೆ ನಮ್ಮ ಒಂದು ತಾಲ್ಲೂಕು ಕೇಂದ್ರದಷ್ಟು. ಅಲ್ಲಿನ ಪ್ಯಾಕರ್ಸ್ ತಂಡಕ್ಕೆ ಒಬ್ಬ ಸಾಹುಕಾರ ಮಾಲೀಕನಿಲ್ಲ. ಐದು ಲಕ್ಷಕ್ಕೂ ಹೆಚ್ಚು ಸಾಮಾನ್ಯ ಷೇರುದಾರರಿದ್ದಾರೆ. ಹಾಗಾಗಿ ಲೀಗ್‌ನಲ್ಲಿ ಲೆಕ್ಕಪತ್ರವನ್ನು ಬಹಿರಂಗಪಡಿಸುವ ತಂಡ ಇದೊಂದೇ. 2025ರಲ್ಲಿ ಅದು ಪ್ರಕಟಿಸಿದ ಲೆಕ್ಕದಂತೆ ಲೀಗ್‌ನ ರಾಷ್ಟ್ರೀಯ ಆದಾಯದಲ್ಲಿ ಅದಕ್ಕೆ ಬಂದ ಪಾಲು 43.26 ಕೋಟಿ ಡಾಲರ್. ಡಲ್ಲಾಸ್‌ಗೂ ಅಷ್ಟೇ, ಜಾಕ್ಸನ್‌ವಿಲ್‌ಗೂ ಅಷ್ಟೇ. ಸ್ಪೇನ್‌ನ ಲಾ ಲಿಗಾದಲ್ಲಿ 2015ರವರೆಗೂ ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ತಮ್ಮ ಹಕ್ಕನ್ನು ಪ್ರತ್ಯೇಕವಾಗಿ ಮಾರಿ ಉಳಿದವರಿಗಿಂತ ಎಷ್ಟೋ ಪಟ್ಟು ಬಾಚಿಕೊಳ್ಳುತ್ತಿದ್ದುದನ್ನು ನೆನೆದರೆ ಈ ಏರ್ಪಾಡಿನ ಬೆಲೆ ತಿಳಿಯುತ್ತದೆ.

ಇಲ್ಲಿಯೇ ಪ್ರೈಮ್‌ಟೈಮ್ ಚರ್ಚೆಗೊಂದು ತಿರುವು ಇದೆ. ಕೌಬಾಯ್ಸ್ ಹೆಚ್ಚು ಬಾರಿ ಟಿವಿಯಲ್ಲಿ ಬಂದರೆ ಹಕ್ಕಿನ ಬೆಲೆ ಏರುತ್ತದೆ, ಏರಿದ ಹಣ 32 ಪಾಲಾಗುತ್ತದೆ. ಆದ್ದರಿಂದ ಚಿಕ್ಕ ತಂಡದ ಮಾಲೀಕನಿಗೆ ಕೌಬಾಯ್ಸ್ ರಾತ್ರಿಗಳಿಂದ ನಷ್ಟವಿಲ್ಲ, ಲಾಭವೇ. ನಷ್ಟವಿರುವುದು ಆ ತಂಡದ ಅಭಿಮಾನಿಗೆ ಮತ್ತು ಆಟಗಾರನಿಗೆ. ಜೆರ್ಸಿ ಮಾರಾಟ, ಜಾಹೀರಾತು ಒಪ್ಪಂದ, ಪ್ರಶಸ್ತಿಗೆ ಮತ ಹಾಕುವವರ ಕಣ್ಣು ಇವೆಲ್ಲ ಕಾಣುವವರ ಕಡೆಗೇ ಹರಿಯುತ್ತವೆ. ಹಣ ಸಮಪಾಲಾಯಿತು, ಬೆಳಕು ಆಗಲಿಲ್ಲ. ಮಾಲೀಕರು ಈ ಬಗ್ಗೆ ಜೋರಾಗಿ ದನಿಯೆತ್ತದಿರುವುದಕ್ಕೂ, ಅಭಿಮಾನಿಗಳು ಪ್ರತಿ ಮೇ ತಿಂಗಳಲ್ಲಿ ಕೂಗಾಡುವುದಕ್ಕೂ ಕಾರಣ ಒಂದೇ.

ಊರು ಬಿಟ್ಟವರ ಪ್ರಶ್ನೆ

ಎಲ್ಲರಿಗಿಂತ ಹೆಚ್ಚು ಕಾಡುವುದು ಊರು ಬಿಟ್ಟ ಅಭಿಮಾನಿಯ ಸ್ಥಿತಿ. ಕ್ಲೀವ್‌ಲ್ಯಾಂಡ್‌ನಲ್ಲಿ ಹುಟ್ಟಿ ಕೆಲಸಕ್ಕಾಗಿ ಫೀನಿಕ್ಸ್ ಸೇರಿದವನಿಗೆ ಅಲ್ಲಿನ ವಾಹಿನಿ ತೋರಿಸುವುದು ಫೀನಿಕ್ಸ್ ಕಡೆಯ ಪಂದ್ಯವನ್ನು. ತನ್ನ ಊರಿನ ತಂಡ ಬೇಕೆಂದರೆ 'ಸಂಡೇ ಟಿಕೆಟ್' ಎಂಬ ದುಬಾರಿ ಪ್ಯಾಕೇಜ್ ಕೊಳ್ಳಬೇಕು. 1994ರಿಂದ ಡೈರೆಕ್‌ಟಿವಿ ಬಳಿಯಿದ್ದ ಇದು 2023ರಿಂದ ಯೂಟ್ಯೂಬ್ ಕೈಯಲ್ಲಿದೆ. ಇಷ್ಟು ಬೆಲೆ ಇಟ್ಟು ಗ್ರಾಹಕರನ್ನು ಸುಲಿಯಲಾಗಿದೆ ಎಂಬ ಮೊಕದ್ದಮೆಯಲ್ಲಿ 2024ರ ಜೂನ್‌ನಲ್ಲಿ ಜ್ಯೂರಿ ಲೀಗ್ ವಿರುದ್ಧ ಸುಮಾರು 4.7 ಬಿಲಿಯನ್ ಡಾಲರ್ ಪರಿಹಾರ ವಿಧಿಸಿತು. ಆಗಸ್ಟ್ 1ರಂದು ನ್ಯಾಯಾಧೀಶರು ಆ ತೀರ್ಪನ್ನು ರದ್ದು ಮಾಡಿದರು. ಗ್ರಾಹಕರು ಮೇಲ್ಮನವಿ ಹೋದರು.

ಇಂಥ ಅಭಿಮಾನಿಗೆ ರಾತ್ರಿಯ ಪಂದ್ಯವೆಂದರೆ ಹೆಮ್ಮೆಯ ಮಾತಷ್ಟೇ ಅಲ್ಲ. ಪ್ಯಾಕೇಜ್ ಕೊಳ್ಳದೆ ತನ್ನ ತಂಡವನ್ನು ನೋಡಲು ಸಿಗುವ ಅಪರೂಪದ ದಿನ ಅದು. ವರ್ಷಕ್ಕೆ ಅಂಥ ಒಂದು ದಿನವಾದರೂ ಇದೆಯೇ ಎಂದು ಅವನು ವೇಳಾಪಟ್ಟಿ ತಡಕುತ್ತಾನೆ. ಮುಂಬೈ, ಪುಣೆ, ದಿಲ್ಲಿಯಲ್ಲಿ ಕುಳಿತು ಕರ್ನಾಟಕದ ರಣಜಿ ಪಂದ್ಯ ಟಿವಿಯಲ್ಲಿ ಬರುತ್ತದೆಯೇ ಎಂದು ಹುಡುಕುವ ಕನ್ನಡಿಗನಿಗೆ ಈ ತಡಕಾಟ ಗೊತ್ತು. ಈಗಂತೂ ಅಮೆರಿಕದಲ್ಲಿ ಪಂದ್ಯಗಳು ಅಮೆಜಾನ್, ಯೂಟ್ಯೂಬ್, ಪೀಕಾಕ್, ನೆಟ್‌ಫ್ಲಿಕ್ಸ್ ಎಂದು ಹಂಚಿಹೋಗಿವೆ. 2024ರ ಕ್ರಿಸ್‌ಮಸ್ ದಿನದ ಎರಡೂ ಪಂದ್ಯಗಳು ನೆಟ್‌ಫ್ಲಿಕ್ಸ್‌ನಲ್ಲಿದ್ದವು. ಆದ್ದರಿಂದ 'ಪ್ರೈಮ್‌ಟೈಮ್ ಯಾರಿಗೆ' ಎಂಬ ಪ್ರಶ್ನೆಯ ಬೆನ್ನಿಗೇ 'ಎಷ್ಟು ಚಂದಾ ಕಟ್ಟಿದರೆ' ಎಂಬ ಪ್ರಶ್ನೆಯೂ ಅಂಟಿಕೊಂಡಿದೆ.

ಮುಂದೇನು?

ಮೂರು ರಾತ್ರಿಗಳನ್ನು 32 ತಂಡಗಳಿಗೆ ಅಳೆದು ಸಮನಾಗಿ ಹಂಚಿದರೆ ನ್ಯಾಯವೇನೋ ಆಗುತ್ತದೆ, ಆದರೆ ಡಿಸೆಂಬರ್‌ನಲ್ಲಿ ಸೋತು ಸುಣ್ಣವಾದ ಎರಡು ತಂಡಗಳ ಪಂದ್ಯವನ್ನು ದೇಶವೇ ನೋಡಬೇಕಾಗುತ್ತದೆ. ಅದು ಯಾರಿಗೂ ಬೇಡ. ಹೆಸರಿಗೆ ಮಾತ್ರ ಮಣೆ ಹಾಕಿದರೆ ಮತ್ತೊಂದು ಲಯನ್ಸ್ ಕತ್ತಲಲ್ಲೇ ಉಳಿಯುತ್ತದೆ. ಇವೆರಡರ ನಡುವೆ ದಾರಿಯಿದೆ. ಪ್ರತಿ ತಂಡಕ್ಕೂ ಇಡೀ ದೇಶಕ್ಕೆ ಕಾಣುವ ಒಂದು ಪಂದ್ಯವನ್ನಾದರೂ ಸೀಸನ್‌ನ ಮೊದಲರ್ಧದಲ್ಲಿ, ಎಲ್ಲರಿಗೂ ಇನ್ನೂ ಆಸೆ ಉಳಿದಿರುವ ದಿನಗಳಲ್ಲಿ ಕೊಡಬಹುದು. ಕೊನೆಯ ವಾರಗಳನ್ನು ಅರ್ಹತೆಗೆ ಬಿಡಬಹುದು. ದಿನವೇ ಬದಲಾಗುವ ಪಂದ್ಯಕ್ಕೆ ಟಿಕೆಟ್ ಕೊಂಡವರಿಗೆ, ಬರಲಾಗದಿದ್ದರೆ ಹಣ ಮರಳಿಸುವ ನಿಯಮ ತರಬಹುದು. ಟಿವಿ ಒಪ್ಪಂದಗಳ ಮೊತ್ತದ ಮುಂದೆ ಅದು ಪುಡಿಗಾಸು.

ಭಾರತದಲ್ಲೂ ಈ ಚರ್ಚೆ ಬೇಗ ಬರಬೇಕಾದದ್ದೇ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾದಾಗ, ಪ್ರತಿ ಪಂದ್ಯದ ಬೆಲೆಯಲ್ಲಿ ಎನ್‌ಎಫ್‌ಎಲ್ ನಂತರದ ಸ್ಥಾನ ನಮ್ಮದೇ ಎಂದು ಹೆಮ್ಮೆಪಟ್ಟಿದ್ದೆವು. ಆ ಲೀಗ್‌ನಿಂದ ಬೆಲೆಯನ್ನು ಕಲಿತಂತೆ ಅದರ ಜಗಳಗಳಿಂದಲೂ ಕಲಿಯುವುದಿದೆ. 2027ರ ನಂತರದ ಹಕ್ಕುಗಳಿಗೆ ಹರಾಜು ಕೂಗುವಾಗ ಪಂದ್ಯದ ಹೊತ್ತನ್ನು ನಿರ್ಧರಿಸುವ ಮೇಜಿನಲ್ಲಿ ವಾಹಿನಿ ಇರುತ್ತದೆ, ತಂಡ ಇರುತ್ತದೆ, ಜಾಹೀರಾತುದಾರ ಇರುತ್ತಾನೆ. ಟಿಕೆಟ್‌ಗಾಗಿ ರಾತ್ರಿಯೆಲ್ಲ ಸಾಲಿನಲ್ಲಿ ನಿಲ್ಲುವವನ ಪರವಾಗಿ ಅಲ್ಲಿ ಮಾತಾಡುವವರು ಯಾರು ಎಂಬುದನ್ನು ಈಗಲೇ ಕೇಳಬೇಕು.